ಒಳಗಿನ ಅಳತೆಯೋ, ಹೊರಗಿನ ಅಳತೆಯೋ? ಕಾರಿಗೆ ಬೇಸ್ ಬಾಕ್ಸ್ ಮಾಡಿಸುವ ಮುಂಚೆ

ನನ್ನ ಮೊದಲ ಬೇಸ್ ಬಾಕ್ಸ್ ಈಗ ಕೊಪ್ಪಳದ ನಮ್ಮ ಮನೆಯ ಹಿತ್ತಲಲ್ಲಿದೆ. ಮುಂದೆ ಹನ್ನೊಂದು ಇಂಚಿನ ದುಂಡನೆಯ ತೂತು. ಅದರೊಳಗೆ ನಮ್ಮ ಬೆಕ್ಕು ಎರಡು ಸಲ ಮರಿ ಹಾಕಿದೆ.

ಅದು ಕೆಟ್ಟಿದ್ದು ನಾನು ಕೊಟ್ಟ ಒಂದು ಉತ್ತರದಿಂದ. ಬಡಿಗೇರ ಕಾಕಾ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೇಳಿದ್ದರು: "ತಮ್ಮಾ, ಇದು ಒಳಗಿನ ಅಳತೀನೋ, ಹೊರಗಿನ ಅಳತೀನೋ?" ನಾನು ಅಂದೆ, "ಯಾವ್ದಾದ್ರೇನ್ ಬಿಡ್ರಿ ಕಾಕಾ, ಡಿಕ್ಕಿಯೊಳಗ ಕುಂತ್ರ ಸಾಕು." ಕಾಕಾ ಹೊರಗಿನ ಅಳತೆ ಅಂತ ಹಿಡಿದು ಕೊಯ್ದರು. ಬಾಕ್ಸ್ ಚೆನ್ನಾಗಿಯೇ ಕೂತಿತು. ಬೇಸ್ ಮಾತ್ರ ಬರಲಿಲ್ಲ. ಯಾವ ಹಾಡು ಹಾಕಿದರೂ ಒಂದೇ ಬಗೆಯ "ಡಬ್ ಡಬ್".

ಆಮೇಲೆ ಲೆಕ್ಕ ಹಾಕಿ ನೋಡಿದಾಗ ಗೊತ್ತಾಯಿತು, ಬಾಕ್ಸಿನ ಒಳಜಾಗದಲ್ಲಿ ಸುಮಾರು 14 ಲೀಟರ್ ಹಲಗೆಯ ದಪ್ಪವೇ ತಿಂದುಬಿಟ್ಟಿತ್ತು. ಆ ಲೆಕ್ಕ ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಕಷ್ಟ ಏನಿಲ್ಲ. ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು.

ಬಾಕ್ಸ್ ಯಾಕೆ ಬೇಕು?

ವೂಫರನ್ನು, ಅಂದರೆ ಬೇಸ್ ಬಾರಿಸುವ ದೊಡ್ಡ ಸ್ಪೀಕರನ್ನು, ಬಾಕ್ಸ್ ಇಲ್ಲದೆ ನೆಲದ ಮೇಲಿಟ್ಟು ಒಮ್ಮೆ ಸಣ್ಣಗೆ ಬಾರಿಸಿ ನೋಡಿ. ಅದರ ಕೋನ್ (ಮುಂದೆ ಕಾಣುವ, ಅಲ್ಲಾಡುವ ದುಂಡನೆಯ ಭಾಗ) ಗಡಗಡ ಅಲ್ಲಾಡುತ್ತದೆ, ಬೇಸ್ ಇರುವುದೇ ಇಲ್ಲ. ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಮುಂದಿನ ಗಾಳಿ ಸುತ್ತಿಕೊಂಡು ಹಿಂದಕ್ಕೆ ಹೋಗುತ್ತದೆ. ಎರಡೂ ಸೇರಿ ಸೊನ್ನೆ. ಹಿಂದಿನ ಸದ್ದನ್ನು ಕಟ್ಟಿಹಾಕುವುದಕ್ಕೇ ಬಾಕ್ಸ್ ಬೇಕು. ಅಲ್ಲಿಗೆ ಮುಗಿಯಲಿಲ್ಲ. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್ ತರಹ ಕೋನನ್ನು ವಾಪಸ್ ತಳ್ಳುತ್ತದೆ. ಬಾಕ್ಸ್ ಚಿಕ್ಕದಾದರೆ ಸ್ಪ್ರಿಂಗ್ ಬಿಗಿ, ದೊಡ್ಡದಾದರೆ ಸಡಿಲ. ಹಾಗಾಗಿ ಪ್ರತಿ ವೂಫರಿಗೂ ಅದರದೇ ಆದ ಬಾಕ್ಸ್ ಇರುತ್ತದೆ. "12 ಇಂಚಿಗೆ ಇದೇ ಬಾಕ್ಸ್" ಅಂತ ಅಂಗಡಿಯವರು ರೆಡಿಮೇಡ್ ಒಂದನ್ನು ಮುಂದೆ ತಳ್ಳಿದರೆ, ಅದು ಯಾವ 12 ಇಂಚಿಗೆ ಅಂತ ಕೇಳಿ.

ಮುಚ್ಚಿದ್ದೋ, ಪೋರ್ಟ್ ಇರುವುದೋ?

ಪೂರ್ತಿ ಮುಚ್ಚಿದ ಬಾಕ್ಸ್ ಒಂದು ಬಗೆ. ಪೈಪು ಅಥವಾ ಸೀಳುಬಾಯಿ ಇಟ್ಟ ಪೋರ್ಟ್ ಬಾಕ್ಸ್ ಇನ್ನೊಂದು. ಬೇರೆ ಬಗೆಗಳೂ ಇವೆ, ನಮಗೆ ಇವೆರಡು ಸಾಕು.

ಪೋರ್ಟ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಖಾಲಿ ಬಾಟಲಿಯ ಬಾಯಿಗೆ ತುಟಿ ಹಚ್ಚಿ ಊದಿ. "ಹೂಂ" ಅಂತ ಒಂದು ಸ್ವರ ಬರುತ್ತದೆ. ಅರ್ಧ ನೀರು ತುಂಬಿಸಿ ಊದಿದರೆ ಸ್ವರ ಏರುತ್ತದೆ. ಒಳಗಿನ ಗಾಳಿ ಕಡಿಮೆಯಾದಷ್ಟೂ ಸ್ವರ ಮೇಲೆ. ಪೋರ್ಟ್ ಬಾಕ್ಸೂ ಇದೇ ಬಾಟಲಿ. ಲೀಟರ್ ಎಷ್ಟು, ಪೈಪಿನ ಅಗಲ ಎಷ್ಟು, ಉದ್ದ ಎಷ್ಟು ಅನ್ನುವುದರ ಮೇಲೆ ಅದು ಯಾವ ಹರ್ಟ್ಜ್‌ಗೆ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ಹಾಡುತ್ತದೆ ಅಂತ ನಿಂತಿದೆ. ಆ ಸ್ವರದ ಹತ್ತಿರ ಕೋನಿಗಿಂತ ಪೋರ್ಟೇ ಜಾಸ್ತಿ ಕೆಲಸ ಮಾಡುತ್ತದೆ. ಅದೇ ವೂಫರ್, ಅದೇ ಆಂಪ್ (ಆಂಪ್ಲಿಫೈಯರ್), ಆದರೂ ಸದ್ದು ಜೋರು.

ನಮ್ಮ ಕಡೆ ಮದುವೆ, ಜಾತ್ರೆಯ ಮೆರವಣಿಗೆಯಲ್ಲಿ ಡಿಜೆ ಟ್ರ್ಯಾಕ್ಟರ್ ಬಂದರೆ ಎದೆ ನಡುಗುತ್ತದಲ್ಲ, ಆ ರುಚಿ ಹತ್ತಿದವರು ಪೋರ್ಟ್ ಬಾಕ್ಸನ್ನೇ ಕೇಳುತ್ತಾರೆ. ಡೊಳ್ಳಿನ ಪೆಟ್ಟು ಡೊಳ್ಳಿನಂತೆಯೇ ಕೇಳಬೇಕು, ಬಿದ್ದ ಕೂಡಲೇ ನಿಲ್ಲಬೇಕು ಅನ್ನುವವರಿಗೆ ಮುಚ್ಚಿದ ಬಾಕ್ಸ್ ಹಿತ. ನನ್ನ ಓಟು ಮುಚ್ಚಿದ್ದಕ್ಕೆ. ಅದರಲ್ಲೂ ಮೊದಲ ಸಲ ಮಾಡುವವರಿಗೆ. ಅದರಲ್ಲಿ ಒಂದೆರಡು ಲೀಟರ್ ಹೆಚ್ಚುಕಮ್ಮಿ ಆದರೂ ಸದ್ದು ಕ್ಷಮಿಸುತ್ತದೆ. ಪೋರ್ಟ್ ಬಾಕ್ಸ್ ಅಷ್ಟು ಕ್ಷಮಿಸುವುದಿಲ್ಲ.

ಮೊದಲು ಹಾಳೆ ಹುಡುಕಿ

ವೂಫರಿನ ಡಬ್ಬಿಯಲ್ಲಿ ಒಂದು ಹಾಳೆ ಇರುತ್ತದೆ. ನಾವು ಅದನ್ನು ಥರ್ಮೋಕೋಲ್ ಜೊತೆ ಎಸೆದಿರುತ್ತೇವೆ. ಸಿಗದಿದ್ದರೆ ಮಾಡೆಲ್ ನಂಬರ್ ಹಾಕಿ ಇಂಟರ್ನೆಟ್ಟಿನಲ್ಲಿ ಹುಡುಕಿ. ಅದರಲ್ಲಿ ನಾಲ್ಕು ಅಂಕಿ ಬೇಕು: ಎಫ್ಎಸ್ (Fs, ವೂಫರ್ ತಾನಾಗಿ ನುಡಿಯುವ ಸ್ವರ), ಕ್ಯೂಟಿಎಸ್ (Qts, ಆ ಸ್ವರದಲ್ಲಿ ಕೋನಿನ ಕುಣಿತಕ್ಕೆ ಒಟ್ಟು ಎಷ್ಟು ಕಡಿವಾಣ ಅನ್ನುವುದು), ಕ್ಯೂಇಎಸ್ (Qes, ಅದರಲ್ಲಿ ಕರೆಂಟ್ ಮತ್ತು ಮ್ಯಾಗ್ನೆಟ್ಟಿನ ಪಾಲು), ವಿಎಎಸ್ (Vas, ಕೋನಿನ ಆಸರೆಯಷ್ಟೇ ಬಿಗಿಯಾದ ಸ್ಪ್ರಿಂಗ್ ಆಗುವ ಗಾಳಿ ಎಷ್ಟು ಲೀಟರ್ ಅನ್ನುವುದು). ಇವನ್ನು ಥೀಲ್–ಸ್ಮಾಲ್ ಅಂಕಿಗಳು ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಎಂಬ ಇಬ್ಬರು ಎಂಜಿನಿಯರುಗಳ ಹೆಸರು ಅದಕ್ಕಿದೆ. ಥೀಲ್ 1961ರಲ್ಲಿ ಇದಕ್ಕೆ ದಾರಿ ಹಾಕಿದರು, ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಅವರಿಗಿಂತ ಮುಂಚೆ ಬಾಕ್ಸ್ ಮಾಡುವುದು ಬಹುಪಾಲು ಅಂದಾಜಿನ ಕೆಲಸ. 

ನನ್ನ 12 ಇಂಚಿನ ವೂಫರಿನ ಹಾಳೆಯಲ್ಲಿ ಇದ್ದದ್ದು ಹೀಗೆ: ಎಫ್ಎಸ್ 30 ಹರ್ಟ್ಜ್, ಕ್ಯೂಟಿಎಸ್ 0.45, ಕ್ಯೂಇಎಸ್ 0.48, ವಿಎಎಸ್ 60 ಲೀಟರ್. ಮುಂದಿನ ಲೆಕ್ಕವೆಲ್ಲ ಇದರ ಮೇಲೆ. ನಿಮ್ಮ ಅಂಕಿ ಬೇರೆ ಇರುತ್ತದೆ, ದಾರಿ ಇದೇ.

ಎಫ್ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ. 50ರ ಆಸುಪಾಸು ಅಥವಾ ಕಡಿಮೆ ಬಂದರೆ ಆ ವೂಫರ್ ಮುಚ್ಚಿದ ಬಾಕ್ಸಿಗೆ ಹೇಳಿ ಮಾಡಿಸಿದ್ದು. 100ರ ಹತ್ತಿರ ಅಥವಾ ಮೇಲೆ ಬಂದರೆ ಪೋರ್ಟ್ ಬಾಕ್ಸಿಗೆ. ನನ್ನದು 62.5 ಬಂತು. ನಡುವಿನದು, ಎರಡಕ್ಕೂ ನಡೆಯುತ್ತದೆ.

ಲೀಟರ್ ಲೆಕ್ಕ

ವೂಫರ್ ಬಾಕ್ಸಿನಲ್ಲಿ ಕೂತ ಮೇಲೆ ಅದರ ಕ್ಯೂಟಿಎಸ್ ಏರುತ್ತದೆ. ಮುಚ್ಚಿದ ಬಾಕ್ಸಿಗೆ ಆ ಏರಿದ ಅಂಕಿ 0.707 ಆಗುವುದೇ ಗುರಿ. ಅಲ್ಲಿ ಬೇಸ್ ಉಬ್ಬದೆ, ತಗ್ಗದೆ ಸಮವಾಗಿ ಬರುತ್ತದೆ. ಈ ಅಂಕಿ 1ರ ಹತ್ತಿರ ಹೋದರೆ ಸದ್ದು ಗುಂಯ್‌ಗುಡುತ್ತದೆ.

0.707 ಅನ್ನು ಕ್ಯೂಟಿಎಸ್ 0.45ರಿಂದ ಭಾಗಿಸಿದರೆ 1.57. ಅದನ್ನು ಅದರಿಂದಲೇ ಗುಣಿಸಿದರೆ ಸುಮಾರು 2.47. ಅದರಲ್ಲಿ 1 ಕಳೆದರೆ 1.47. ವಿಎಎಸ್ 60ನ್ನು 1.47ರಿಂದ ಭಾಗಿಸಿದರೆ 41 ಲೀಟರ್ ಸಿಗುತ್ತದೆ. ಇಷ್ಟೇ. ಇದು ಗಾಳಿಗೆ ಬೇಕಾದ ಜಾಗ. ವೂಫರಿನ ಮ್ಯಾಗ್ನೆಟ್ಟು, ಬುಟ್ಟಿ ಒಳಗೆ ಸುಮಾರು 3 ಲೀಟರ್ ತಿನ್ನುತ್ತವೆ. ಒಳಗೆ ಕೊಡುವ ಆಧಾರದ ಪಟ್ಟಿಗೆ ಒಂದೂವರೆ ಲೀಟರ್ ಇಟ್ಟುಕೊಳ್ಳಿ. ಒಟ್ಟು 45.5 ಲೀಟರ್. ಅಂದರೆ 45,500 ಘನ ಸೆಂಟಿಮೀಟರ್.

ಈ ಬಾಕ್ಸಿನಲ್ಲಿ ಬೇಸ್ ಸುಮಾರು 47 ಹರ್ಟ್ಜ್ ತನಕ ಚೆನ್ನಾಗಿ ಬಂದು, ಆಮೇಲೆ ಇಳಿಯತೊಡಗುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ 41 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಹಾಗಾದರೆ ಸಾಲಲ್ಲ ಅಲ್ವಾ? ಮನೆಯ ಹಾಲ್ ಆಗಿದ್ದರೆ ಸಾಲುತ್ತಿರಲಿಲ್ಲ. ಕಾರಿನ ಮಾತೇ ಬೇರೆ. 40 ಹರ್ಟ್ಜ್ ಅಲೆಯ ಉದ್ದ ಎಂಟೂವರೆ ಮೀಟರ್, ನಮ್ಮ ಸಣ್ಣ ಕಾರುಗಳೆಲ್ಲ 4 ಮೀಟರ್ ಒಳಗೆ. ಅಷ್ಟು ಚಿಕ್ಕ, ಮುಚ್ಚಿದ ಜಾಗದಲ್ಲಿ ಕೋನ್ ಇಡೀ ಕಾರಿನ ಗಾಳಿಯನ್ನೇ ಪಂಪಿನಂತೆ ಒತ್ತುತ್ತದೆ. ಕೆಳಗಿನ ಸ್ವರಗಳಿಗೆ ಕಾರೇ ಬಲ ಕೊಡುತ್ತದೆ. ಮುಚ್ಚಿದ ಬಾಕ್ಸ್ ಮನೆಗಿಂತ ಕಾರಿನಲ್ಲಿ ಚೆಂದ ಕೇಳುವುದು ಇದಕ್ಕೇ.

ಡಿಕ್ಕಿ ಅಳೆಯಿರಿ, ಆಮೇಲೆ ಹಲಗೆ

ಡಿಕ್ಕಿಯ ಒಳಗೆ ಟೇಪ್ ಹಿಡಿಯುವ ಮುಂಚೆ ಅದರ ಬಾಯಿ ಅಳೆಯಿರಿ. ಒಳಗೆ ಜಾಗ ಇದ್ದು, ಬಾಯಲ್ಲಿ ತೂರದಿದ್ದರೆ ಏನು ಮಾಡುತ್ತೀರಿ? ಟಿವಿ, ಫ್ರಿಜ್ ಬಂದ ರಟ್ಟಿನಲ್ಲಿ ಅದೇ ಅಳತೆಯ ಡಮ್ಮಿ ಬಾಕ್ಸ್ ಮಾಡಿ ಇಟ್ಟು ನೋಡುವುದು ಒಳ್ಳೆಯದು. ಡಿಕ್ಕಿ ಮುಚ್ಚುತ್ತಾ, ಸೀಟ್ ಒರಗುತ್ತಾ ನೋಡಿ. ಸ್ಟೆಪ್ನಿ ಡಿಕ್ಕಿಯ ಅಡಿ ಇದ್ದರೆ ಬಾಕ್ಸನ್ನು ಒಬ್ಬರೇ ಎತ್ತಿ ಹೊರಗಿಡುವಂತಿರಬೇಕು. ಗಂಗಾವತಿ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಪಂಕ್ಚರ್ ಆದಾಗ ಈ ಮಾತು ನೆನಪಾಗುತ್ತದೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವವರು ಈ ಆಸೆ ಬಿಟ್ಟು, ಸೀಟಿನಡಿ ಕೂರುವ 8 ಇಂಚಿನದನ್ನು ನೋಡಿಕೊಳ್ಳಿ.

ಈಗ ಒಳಗಿನ ಅಳತೆ. ಅಗಲ 62, ಎತ್ತರ 36 ಸೆಂಮೀ ಇಟ್ಟುಕೊಂಡೆ. ಗುಣಿಸಿದರೆ 2,232. 45,500ನ್ನು ಅದರಿಂದ ಭಾಗಿಸಿದರೆ ಆಳ 20.4 ಸೆಂಮೀ. ವೂಫರಿನ ಆಳ ಎಷ್ಟು ಅಂತ ಹಾಳೆಯಲ್ಲಿ ನೋಡಿ, ಅದಕ್ಕಿಂತ ಎರಡು ಮೂರು ಸೆಂಮೀ ಆದರೂ ಜಾಸ್ತಿ ಇರಲಿ.

ಹಲಗೆ 18 ಮಿಮೀ ದಪ್ಪ. ಎರಡು ಕಡೆ ಸೇರಿ 3.6 ಸೆಂಮೀ. ಹಾಗಾಗಿ ಹೊರಗಿನ ಅಳತೆ 65.6, 39.6, 24 ಸೆಂಮೀ. ನಾನು ಮೊದಲ ಸಲ ಕಾಕಾನ ಕೈಗೆ 62, 36, 20.4 ಅಂತ ಬರೆದು ಕೊಟ್ಟಿದ್ದೆ. ಅವರು ಅದನ್ನು ಹೊರಗಿನದು ಅಂತ ಹಿಡಿದಾಗ ಒಳಗೆ ಉಳಿದದ್ದು 58.4, 32.4, 16.8. ಗುಣಿಸಿ ನೋಡಿ, 31.8 ಲೀಟರ್! ಅದರಲ್ಲಿ ವೂಫರು, ಪಟ್ಟಿ ಕಳೆದರೆ ಗಾಳಿಗೆ 27 ಲೀಟರ್ ಚಿಲ್ಲರೆ. 0.707 ಇರಬೇಕಾದ ಅಂಕಿ 0.8 ಆಯಿತು. ಮೇಲಿನ ಬೇಸ್ ಉಬ್ಬಿತು, ಕೆಳಗಿನದು ಸೊರಗಿತು. ಅದೇ "ಡಬ್ ಡಬ್".

ಕೊಯ್ಯಲು ಪಟ್ಟಿ ಹೀಗಿರಲಿ: 65.6 × 39.6 ಮೂರು, 65.6 × 20.4 ಎರಡು, 36 × 20.4 ಎರಡು. ಮುಂದಿನ ಮುಖಕ್ಕೆ ಎರಡು ಹಲಗೆ ಒಂದರ ಮೇಲೊಂದು ಅಂಟಿಸುತ್ತೇವೆ, ಅದಕ್ಕೇ ಮೂರು. ಎರಡನೆಯದು ಹೊರಗಡೆ ಬರಲಿ, ಒಳಜಾಗ ತಿನ್ನಬಾರದು. ಆಗ ಹೊರಗಿನ ಆಳ 25.8 ಆಗುತ್ತದೆ, ಮರೆಯಬೇಡಿ. ಇದೆಲ್ಲ 8 × 4 ಅಡಿ ಶೀಟಿನ ಅರ್ಧದಲ್ಲಿ ಮುಗಿಯುತ್ತದೆ. ಪಟ್ಟಿಯ ತಲೆಯಲ್ಲಿ ದೊಡ್ಡದಾಗಿ "ಇದೇ ಕೊಯ್ಯುವ ಅಳತೆ" ಅಂತ ಬರೆಯಿರಿ.

ಯಾವ ಹಲಗೆ?

ಕಿನ್ನಾಳದ ಗೊಂಬೆಗೆ ಹಗುರ ಮರ ಬೇಕು. ನಮಗೆ ಭಾರದ್ದೇ ಬೇಕು. ಹಗುರ ಹಲಗೆ ತಾನೂ ಕುಣಿಯುತ್ತದೆ, ಕೋನಿನ ಶಕ್ತಿ ಹಲಗೆ ಅಲ್ಲಾಡಿಸುವುದಕ್ಕೇ ಹೋಗುತ್ತದೆ. 18 ಮಿಮೀ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಒಳ್ಳೆಯದು. ಕೊಯ್ಯುವುದು ಸುಲಭ, ಒಳಗೆ ಪೊಳ್ಳು ಇರುವುದಿಲ್ಲ. ನೀರು ಬಿದ್ದರೆ ಮಾತ್ರ ರೊಟ್ಟಿಯಂತೆ ಉಬ್ಬುತ್ತದೆ. ವಾಟರ್ ಸರ್ವಿಸ್‌ನಲ್ಲಿ ಡಿಕ್ಕಿಗೂ ಪೈಪ್ ಹಿಡಿಸುವವರು ಒಳ್ಳೆಯ ಪ್ಲೈವುಡ್ ತೆಗೆದುಕೊಳ್ಳಿ. ಅಗ್ಗದ ಪ್ಲೈವುಡ್‌ನಲ್ಲಿ ಪದರದ ನಡುವೆ ಪೊಳ್ಳಿರುತ್ತದೆ, ಅದು ಒಳಗೆ ಚರಚರ ಅನ್ನುತ್ತದೆ. ಪಾರ್ಟಿಕಲ್ ಬೋರ್ಡ್ ಬೇಡ.

ಕೈ ಗರಗಸದಲ್ಲಿ ನೇರ ಕೊಯ್ಯುವುದು ಕಷ್ಟ. ಮಾಡ್ಯುಲರ್ ಕಿಚನ್ ಮಾಡುವವರ ಹತ್ತಿರ ದೊಡ್ಡ ಕಟಿಂಗ್ ಮಷಿನ್ ಇರುತ್ತದೆ. ಅರ್ಧ ಗಂಟೆಯ ಕೆಲಸ, ಕೇಳಿದರೆ ಮಾಡಿಕೊಡುತ್ತಾರೆ. ಕೊಯ್ಲು ನೇರ ಇದ್ದರೆ ಜೋಡಣೆಯ ಅರ್ಧ ತಲೆನೋವು ಹೋಯಿತು.

ಜೋಡಿಸುವುದು

ಮೊದಲು ಮುಂದಿನ ಎರಡು ಹಲಗೆ ಫೆವಿಕಾಲ್ ಹಚ್ಚಿ ಅಂಟಿಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ತೂತಿನ ಅಳತೆಯನ್ನು ಹಾಳೆಯಲ್ಲೇ ನೋಡಿ. 12 ಇಂಚಿನ ವೂಫರ್ ಅಂತ 12 ಇಂಚಿನ ತೂತು ಕೊರೆದರೆ ವೂಫರ್ ಬಿಗಿಯಲು ಹಲಗೆಯೇ ಉಳಿಯುವುದಿಲ್ಲ. ಸಾಮಾನ್ಯವಾಗಿ 28 ಸೆಂಮೀ ಆಸುಪಾಸು ಇರುತ್ತದೆ. ಮೊಳೆ, ದಾರ, ಪೆನ್ಸಿಲ್ ಹಿಡಿದು ದುಂಡು ಬರೆಯಿರಿ, ಜಿಗ್‌ಸಾದಲ್ಲಿ ಕೊಯ್ಯಿರಿ.

ಅಂಚಿಗೆಲ್ಲ ಫೆವಿಕಾಲ್ ಧಾರಾಳವಾಗಿ ಹಚ್ಚಿ. ಹತ್ತು ಹನ್ನೆರಡು ಸೆಂಮೀಗೊಂದು ಸ್ಕ್ರೂ. ಎಂಡಿಎಫ್ ಅಂಚಿಗೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಸೀಳುತ್ತದೆ, ಮೊದಲು ಸಣ್ಣ ಬಿಟ್‌ನಿಂದ ದಾರಿ ಕೊರೆಯಿರಿ. ಬಾಕ್ಸನ್ನು ನಿಜವಾಗಿ ಹಿಡಿಯುವುದು ಅಂಟು. ಸ್ಕ್ರೂ ಅಂಟು ಒಣಗುವ ತನಕದ ಕಾವಲುಗಾರ. ಮುಂದಿನ ಹಲಗೆಗೂ ಹಿಂದಿನದಕ್ಕೂ ನಡುವೆ, ಮ್ಯಾಗ್ನೆಟ್ಟಿಗೆ ತಾಗದ ಕಡೆ ಒಂದೆರಡು ಪಟ್ಟಿ ಕೊಡಿ. ಬೆರಳ ಗೆಣ್ಣಿನಿಂದ ಹಿಂದಿನ ಹಲಗೆ ತಟ್ಟಿ ನೋಡಿ. "ಠಣ್" ಅಂದರೆ ಇನ್ನೊಂದು ಪಟ್ಟಿ ಬೇಕು, "ಟಕ್" ಅಂದರೆ ಸಾಕು.

ಒಳಗಿನ ಮೂಲೆಗಳಿಗೆಲ್ಲ ಸಿಲಿಕೋನ್ ಎಳೆದು ಬೆರಳಿನಿಂದ ಒತ್ತಿ. ಆಮೇಲೆ ಒಂದು ದಿನ ಸುಮ್ನೆ ಬಿಡಬೇಕು. ಆ ಹುಳಿ ವಾಸನೆ ಪೂರ್ತಿ ಹೋಗುವ ತನಕ ವೂಫರ್ ಕೂರಿಸಬೇಡಿ, ಆ ಆವಿ ವೂಫರಿನ ಅಂಟಿಗೆ ಒಳ್ಳೆಯದಲ್ಲ. ವೂಫರಿನ ಅಂಚಿನಡಿ ಫೋಮ್ ಟೇಪ್ ಹಾಕಿ. ಎಲ್ಲ ಬಿಗಿದ ಮೇಲೆ ಎರಡೂ ಅಂಗೈಯಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒಳಗೆ ಒತ್ತಿ ಬಿಡಿ. ನಿಧಾನವಾಗಿ ಎದ್ದು ಬಂದರೆ ಬಾಕ್ಸ್ ಬಿಗಿಯಾಗಿದೆ. ಪಟ್ಟನೆ ಎದ್ದರೆ ಎಲ್ಲೋ ಸೋರುತ್ತಿದೆ. ವೈರಿನ ಟರ್ಮಿನಲ್ ಸುತ್ತ ಮೊದಲು ಹುಡುಕಿ, ಸಾಮಾನ್ಯವಾಗಿ ಕಳ್ಳ ಅಲ್ಲೇ ಇರುತ್ತಾನೆ.

ಪೋರ್ಟೇ ಬೇಕು ಅನ್ನುವವರಿಗೆ

ಇದೇ ವೂಫರಿಗೆ 55 ಲೀಟರ್, 35 ಹರ್ಟ್ಜ್ ಇಟ್ಟುಕೊಳ್ಳೋಣ. ಪೈಪಿನ ಒಳ ಅಗಲ 10 ಸೆಂಮೀ. ಅಗಲವನ್ನು ಅದರಿಂದಲೇ ಗುಣಿಸಿ 100. ಅದನ್ನು 23,562ರಿಂದ ಗುಣಿಸಿ (ಈ ಲೆಕ್ಕದಲ್ಲಿ ಇದು ಬದಲಾಗದ ಅಂಕಿ). ಬಂದದ್ದನ್ನು 35 × 35 × 55ರಿಂದ, ಅಂದರೆ 67,375ರಿಂದ ಭಾಗಿಸಿದರೆ 35. ಅದರಲ್ಲಿ ಅಗಲದ 0.73 ಪಟ್ಟು, ಅಂದರೆ 7.3 ಕಳೆಯಿರಿ. ಪೈಪು 27.7 ಸೆಂಮೀ ಇರಬೇಕು. ಪ್ಲಂಬಿಂಗ್ ಅಂಗಡಿಯ 4 ಇಂಚಿನ ಪಿವಿಸಿ ಪೈಪು ಇದಕ್ಕೆ ಹತ್ತಿರ ಬರುತ್ತದೆ, ಅದರ ಒಳ ಅಗಲ ಅಳೆದು ಲೆಕ್ಕ ತಿದ್ದಿಕೊಳ್ಳಿ. ಪೈಪು ತಿನ್ನುವ ಜಾಗವನ್ನೂ ಲೀಟರಿಗೆ ಸೇರಿಸಬೇಕು, ಒಳಗಿನ ಒಟ್ಟು ಸುಮಾರು 62 ಲೀಟರ್ ಆಗುತ್ತದೆ. ಪೈಪಿನ ಒಳಬಾಯಿಗೂ ಹಿಂದಿನ ಗೋಡೆಗೂ ನಡುವೆ ಪೈಪಿನ ಅಗಲದಷ್ಟಾದರೂ ಜಾಗ ಬಿಡಿ.

ಒಂದೇ ಪೈಪಿನಲ್ಲಿ ಜೋರಾಗಿ ಬಾರಿಸಿದರೆ ಉಸ್ ಉಸ್ ಅಂತ ಗಾಳಿಯ ಸದ್ದು ಬರಬಹುದು. ಎರಡು ಪೈಪು ಹಾಕೋಣ ಅಂದರೆ ಒಂದೊಂದೂ ಸುಮಾರು 63 ಸೆಂಮೀ ಉದ್ದ ಬೇಕಾಗುತ್ತದೆ! ಅದಕ್ಕೇ ದೊಡ್ಡ ಆಂಪ್ ಇರುವವರು ಬಾಕ್ಸಿನ ಗೋಡೆಗುಂಟ ತಿರುಗುವ ಸೀಳುಬಾಯಿ ಮಾಡಿಸುತ್ತಾರೆ. ಅದಕ್ಕೆ ಕೈ ಲೆಕ್ಕ ಬೇಡ, ವಿನ್‌ಐಎಸ್‌ಡಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ.

ಒಂದು ಎಚ್ಚರಿಕೆ. ಪೋರ್ಟ್ ಬಾಕ್ಸಿನಲ್ಲಿ 35 ಹರ್ಟ್ಜ್‌ಗಿಂತ ಸಾಕಷ್ಟು ಕೆಳಗಿನ ಸದ್ದು ಬಂದರೆ ಕೋನಿಗೆ ಗಾಳಿಯ ಆಸರೆ ತಪ್ಪುತ್ತದೆ. ಹಗ್ಗ ಬಿಚ್ಚಿದ ಹೋರಿಯಂತೆ ಕುಣಿದು ಕಾಯಿಲ್ (ಕೋನಿಗೆ ಅಂಟಿದ ತಂತಿಸುರುಳಿ) ಹಾಳಾಗುತ್ತದೆ. ಆಂಪ್‌ನಲ್ಲಿ ತೀರಾ ಕೆಳಗಿನ ಸದ್ದನ್ನು ತಡೆಯುವ ಸಬ್‌ಸೋನಿಕ್ ಫಿಲ್ಟರ್ ಇದ್ದರೆ 28–30ಕ್ಕೆ ಇಡಿ. ಇಲ್ಲದಿದ್ದರೆ ಮುಚ್ಚಿದ ಬಾಕ್ಸೇ ಕ್ಷೇಮ.

ವೈರು, ಆಂಪ್, ನಮ್ಮ ಬಿಸಿಲು

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನಂಬಬೇಡಿ, ಆರ್‌ಎಂಎಸ್ (ಬಿಡದೆ ಕೊಡಬಲ್ಲ ವ್ಯಾಟ್) ಅಂತ ಇರುವುದನ್ನು ಮಾತ್ರ ನೋಡಿ. 300 ವ್ಯಾಟ್ ಆರ್‌ಎಂಎಸ್ ಕೊಡುವ ಕ್ಲಾಸ್ ಡಿ (ಕರೆಂಟ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ಪೂರ್ತಿ ಓಡಿದಾಗ 27 ಆಂಪಿಯರ್ ಆಸುಪಾಸು ಎಳೆಯುತ್ತದೆ. ಬ್ಯಾಟರಿಯಿಂದ 16 ಚದರ ಮಿಮೀ ತಾಮ್ರದ ವೈರು ಎಳೆಯಿರಿ. ಕೊಳ್ಳುವಾಗ ಒಂದು ಎಳೆ ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ. ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಆಂಪ್ ಹತ್ತಿರ ಇಟ್ಟರೆ ಪ್ರಯೋಜನವಿಲ್ಲ. ವೈರು ನಡುವೆ ಎಲ್ಲೋ ಸವೆದು ಕಾರಿನ ಲೋಹದ ಬಾಡಿಗೆ ತಾಗಿದರೆ ಬೆಂಕಿ ಹತ್ತುವುದು ಫ್ಯೂಸಿಗೂ ಬ್ಯಾಟರಿಗೂ ನಡುವಿನ ಭಾಗಕ್ಕೆ.

ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಆಂಪ್ ಮೇಲೆ ಕಾರ್ಪೆಟ್ ಹೊದಿಸಿ, ಬ್ಯಾಗ್ ಇಟ್ಟು ಮುಚ್ಚಿದರೆ ಅದು ಕಾದು ತಾನೇ ಆಫ್ ಆಗುತ್ತದೆ. ಸುತ್ತ ಮೂರು ನಾಲ್ಕು ಬೆರಳು ಗಾಳಿಗೆ ಜಾಗ ಬಿಡಿ. ಆಂಪ್ ಅನ್ನು ಬಾಕ್ಸಿನ ಮೇಲೇ ಬಿಗಿಯುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ, ನಡುಕಕ್ಕೆ ಸ್ಕ್ರೂ ಸಡಿಲವಾಗುತ್ತದೆ. ಬಾಕ್ಸ್ ಮೇಲಿನ ಕಾರ್ಪೆಟ್ ಅಗ್ಗದ ಗಮ್ಮಿನಲ್ಲಿ ಅಂಟಿಸಿದ್ದರೆ ಮೇ ತಿಂಗಳಲ್ಲಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬರುತ್ತದೆ.

ಈ ಬಾಕ್ಸ್ ಹಲಗೆಯೊಂದೇ 16 ಕೆಜಿ ತೂಗುತ್ತದೆ, ಮೇಲೆ ವೂಫರು ಬೇರೆ. ಬೆಲ್ಟ್ ಹಾಕಿಯೋ ಕ್ಲಾಂಪ್ ಹಾಕಿಯೋ ಕಾರಿಗೆ ಕಟ್ಟಲೇಬೇಕು. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಸೀಟಿನ ಮಕ್ಕಳ ಬೆನ್ನಿಗೆ ಅದು ಬರಬಾರದು.

ಕೂರಿಸಿದ ಮೇಲೆ

ವೂಫರಿನ ಮುಖ ಹಿಂದಿನ ಬಾಗಿಲ ಕಡೆ ಇಟ್ಟು ಶುರು ಮಾಡಿ. ಆಂಪ್‌ನ ಲೋ ಪಾಸ್ (ಮೇಲಿನ ಸ್ವರಗಳನ್ನು ತಡೆಯುವ ಫಿಲ್ಟರ್) 80 ಹರ್ಟ್ಜ್‌ಗೆ, ಬೇಸ್ ಬೂಸ್ಟ್ ಸೊನ್ನೆಗೆ, ಗೇನ್ ಪೂರ್ತಿ ಕೆಳಗೆ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ, ಆಮೇಲೆ ಗೇನ್ ಮೆಲ್ಲಗೆ ತಿರುಗಿಸುತ್ತ ಹೋಗಿ. ಸದ್ದು ಒರಟಾಗುತ್ತಿದೆ ಅನ್ನಿಸಿದ ಕೂಡಲೇ ಸ್ವಲ್ಪ ಹಿಂದಕ್ಕೆ ಬನ್ನಿ. ಗೇನ್ ವಾಲ್ಯೂಮ್ ಅಲ್ಲ, ಸ್ಟೀರಿಯೋದಿಂದ ಬರುವ ಸದ್ದಿಗೆ ಆಂಪ್ ಹೊಂದಿಸುವ ತಿರುಪು. ಕಾಯಿಲ್ ಸುಡುವುದು ಹೆಚ್ಚಾಗಿ ಇಲ್ಲೇ.

ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು, ಗೆಳೆಯನಿಗೆ ವೂಫರಿನ ಎರಡು ವೈರು ಅದಲು ಬದಲು ಮಾಡಲು ಹೇಳಿ. ಬದಲಿಸುವಾಗ ಆಂಪ್ ಆಫ್ ಇರಲಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದೇ ಇರಲಿ, ಕೆಂಪು ಕಪ್ಪು ಅಂತ ಹಠ ಬೇಡ. ಪರೀಕ್ಷೆಗೆ ಒಂದು ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿ ನೋಡಿ. ಪೆಟ್ಟೊಂದೊಂದೂ ಬೇರೆ ಬೇರೆಯಾಗಿ ಕೇಳಬೇಕು. ಎಲ್ಲ ಕಲಸಿಕೊಂಡು ಗುಂಯ್ ಅಂದರೆ ಗೇನ್ ಜಾಸ್ತಿಯಾಗಿದೆ. ನಂಬರ್ ಪ್ಲೇಟ್ ಗಡಗಡ ಅಂದರೆ ಅದರ ಹಿಂದೆ ಎರಡು ತುಂಡು ಫೋಮ್ ಟೇಪ್.

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮನೆಗಳಿರುವ ಕಡೆ ಗಾಜು ಇಳಿಸಿ ಬಾರಿಸಬೇಡಿ, 2000ದ ಶಬ್ದ ಮಾಲಿನ್ಯ ನಿಯಮಗಳು ಅಡ್ಡ ಬರುತ್ತವೆ. ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಒಳಗೆ ಹಗಲಲ್ಲೂ ಬೇಡ.

ಒಂದು ತಿಂಗಳಾದ ಮೇಲೆ ವೂಫರಿನ ಸ್ಕ್ರೂಗಳನ್ನು ಎದುರು ಬದುರು ಕ್ರಮದಲ್ಲಿ ಇನ್ನೊಮ್ಮೆ ಬಿಗಿಯಿರಿ, ಕಾರಿನ ಚಕ್ರದ ನಟ್ ಬಿಗಿದ ಹಾಗೆ. ಸಂಡೂರು ಕಡೆ ಓಡಾಡುವ ಕಾರಾದರೆ ಕೋನಿನ ಮೇಲೆ ಕೆಂಪು ಧೂಳು ಕೂತಿರುತ್ತದೆ. ಒದ್ದೆ ಬಟ್ಟೆ ಬೇಡ, ಬಣ್ಣ ಬಳಿಯುವ ಮೆತ್ತನೆಯ ಬ್ರಷ್‌ನಿಂದ ಒರೆಸಿ ತೆಗೆಯಿರಿ.